ಕಣ್ಣಿನ ಅಲರ್ಜಿಗೆ ಐಜಿಇ ರಕ್ತಪರೀಕ್ಷೆ ಮಾಡಿಸಲೇಬೇಕಾ?

ಎಲ್ಲರಿಗೂ ಬೇಕಿಲ್ಲ. ಐಜಿಇ ಅಂದರೆ ಅಲರ್ಜಿಗೆ ಕಾರಣವಾಗುವ, ರಕ್ತದಲ್ಲಿರುವ ಒಂದು ಪ್ರತಿಕಾಯ (ಆಂಟಿಬಾಡಿ). ಎರಡೂ ಕಣ್ಣು ಕೆಂಪಾಗಿ, ನೀರು ಸುರಿದು, ಉಜ್ಜದೆ ಇರಲಾರದಷ್ಟು ತುರಿಕೆ ಇದ್ದರೆ ಡಾಕ್ಟರು ಸಾಮಾನ್ಯವಾಗಿ ಕಣ್ಣು ನೋಡಿಯೇ ಅಲರ್ಜಿ ಅಂತ ಹೇಳುತ್ತಾರೆ. ತುರಿಕೆ ಯಾವಾಗ ಜಾಸ್ತಿ ಅನ್ನೋದು ಒಳ್ಳೆಯ ಸುಳಿವು. ಬೆಳಗ್ಗೆ ಏಳುವಾಗಲೇ ಇದ್ದರೆ ದಿಂಬು, ಹಾಸಿಗೆಯ ಡಸ್ಟ್ ಮೈಟ್ (ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಮೇಲೆ ಮೊದಲ ಅನುಮಾನ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಪುಟ್ಟ ಬಿಳಿ ಹೂ ಬಿಡುವ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, ಅದರ ಪರಾಗವೂ ಕಾರಣವಾಗಬಹುದು. ಬೆಕ್ಕು, ಜಿರಳೆ, ಬೂಷ್ಟು ಕೂಡ.

ಕಾರಣ ಸಿಗದೆ ಪದೇಪದೇ ಕಾಡುತ್ತಿದ್ದರೆ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಒಟ್ಟು ಐಜಿಇ ನಾರ್ಮಲ್ ಇದ್ದರೂ ಅಲರ್ಜಿ ಇರಬಹುದು. ಹಾಗಾಗಿ ಒಂದೊಂದು ವಸ್ತುವಿಗೂ ಬೇರೆಯಾಗಿ ನೋಡುವ ಸ್ಪೆಸಿಫಿಕ್ ಐಜಿಇ ಒಳ್ಳೆಯದು. ಪಾಸಿಟಿವ್ ಬಂದದ್ದೆಲ್ಲ ಕಾರಣ ಅಲ್ಲ, ನಿಮ್ಮ ಲಕ್ಷಣಕ್ಕೂ ತಾಳೆಯಾಗಬೇಕು. ಚರ್ಮಕ್ಕೆ ಸಣ್ಣಗೆ ಚುಚ್ಚಿ ಅಲರ್ಜಿ ನೋಡುವ ಸ್ಕಿನ್ ಪ್ರಿಕ್ ಟೆಸ್ಟ್‌ಗೆ ಅಲರ್ಜಿ ಮಾತ್ರೆಯನ್ನು ಕೆಲವು ದಿನ ಮುಂಚೆ ನಿಲ್ಲಿಸಬೇಕು, ರಕ್ತಪರೀಕ್ಷೆಗೆ ಬೇಕಿಲ್ಲ.