ಎದುರಂಗಡಿಯ ಯಂತ್ರವನ್ನು ನೋಡಿ ಸಾಲ ಮಾಡಬೇಡಿ

ನಿಮ್ಮ ಬೇಕರಿಯ ಎದುರಿಗೆ ಗಾಜಿನ ಷೋಕೇಸು, ದೊಡ್ಡ ಓವನ್ನು ಇರುವ ಹೊಸ ಬೇಕರಿ ಬಂದಿದೆ. ಅಂಥದ್ದೇ ಓವನ್ ತರಲು ಬ್ಯಾಂಕಿನಲ್ಲಿ ಸಾಲಕ್ಕೆ ಓಡಾಡುತ್ತಿದ್ದೀರಿ. ಅವರನ್ನು ಹಿಂದಿಕ್ಕಲು, ಹೊಸತನ ತರಲು, ಜೊತೆಗೆ ನೀವೂ ಬೆಳೆಯಲು ವ್ಯಾಪಾರ ನಿರ್ವಹಣೆಯ ಬಗ್ಗೆ ಬರೆದ ಡ್ರಕರ್, ಪೋರ್ಟರ್, ಕ್ರಿಸ್ಟೆನ್ಸನ್ ಈ ಮೂವರಲ್ಲಿ ಯಾರನ್ನು ಮೊದಲು ಓದಬೇಕೆಂದು ಕೇಳಿದ್ದೀರಿ. ಬೇಕರಿ ಎಂದಿರುವಲ್ಲಿ ಪ್ರೆಸ್ ಎಂದು ಬರೆದರೆ ಇದು 2010ರಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ. ಆಗ ನಾನು ಯಾರನ್ನೂ ಕೇಳಲಿಲ್ಲ, ಯಂತ್ರವನ್ನೇ ತಂದುಬಿಟ್ಟೆ.

ತಿಪಟೂರಿನಲ್ಲಿ ನಮ್ಮ ತಂದೆ ಟ್ರೆಡಲ್ ಎಂಬ ಒಂದು ಸಣ್ಣ ಅಚ್ಚಿನ ಯಂತ್ರ ಮತ್ತು ಅಕ್ಷರಗಳ ಒಂದಿಷ್ಟು ಅಚ್ಚುಮೊಳೆಗಳನ್ನು ಇಟ್ಟುಕೊಂಡು ಪ್ರೆಸ್ ಆರಂಭಿಸಿದ್ದರು. ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಇವೆಲ್ಲ ಇದ್ದರೂ ಮನೆ ನಡೆಯುತ್ತಿದ್ದದ್ದು ಲಗ್ನಪತ್ರಿಕೆಯಿಂದ. ನನ್ನ ಕೈಗೆ ಬರುವ ಹೊತ್ತಿಗೆ ಮೊಳೆ ಹೋಗಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಬಂದಿತ್ತು, ಟ್ರೆಡಲ್ ಹೋಗಿ ಪ್ಲೇಟಿನಿಂದ ಅಚ್ಚು ಹಾಕುವ, ಒಂದೇ ಬಣ್ಣದ ಮಿನಿ ಆಫ್‌ಸೆಟ್ ಯಂತ್ರ ಬಂದಿತ್ತು. ಶಿವಕಾಶಿಯಿಂದಲೋ ಬೆಂಗಳೂರಿನ ಸುಲ್ತಾನ್‌ಪೇಟೆಯಿಂದಲೋ ಸಿದ್ಧ ಕಾರ್ಡುಗಳನ್ನು ತರಿಸಿ, ಅದರ ಮೇಲೆ ಒಕ್ಕಣೆಯನ್ನು ಅಚ್ಚು ಹಾಕಿ ಕೊಡುತ್ತಿದ್ದೆವು. 2010ರಲ್ಲಿ ನಮ್ಮ ಬೀದಿಯಲ್ಲೇ, ನಮ್ಮ ಬಾಗಿಲಿಗೆ ನೇರವಾಗಿ, ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರವಿರುವ ಪ್ರೆಸ್ ತೆರೆಯಿತು. ಮದುಮಕ್ಕಳ ಫೋಟೋವನ್ನೇ ಕಾರ್ಡಿನ ಮೇಲೆ ಹಾಕಿಕೊಡುತ್ತಿದ್ದರು. ಜನ ಅಲ್ಲಿ ನಿಂತು ನೋಡುವುದನ್ನು ನಾನು ಇಲ್ಲಿ ಕುಳಿತು ನೋಡುತ್ತಿದ್ದೆ. ಎರಡೇ ತಿಂಗಳಲ್ಲಿ ಹಳೆಯದೊಂದು ನಾಲ್ಕು ಬಣ್ಣದ ಯಂತ್ರಕ್ಕೆ ಮಾತು ಕೊಟ್ಟೆ. ಸಾಲ 32 ಲಕ್ಷ ರೂಪಾಯಿ, ಅವಧಿ ಏಳು ವರ್ಷ, ತಿಂಗಳ ಕಂತು ಸುಮಾರು 58 ಸಾವಿರ.

ನನ್ನ ತಪ್ಪು ಯಂತ್ರ ಕೊಂಡದ್ದು ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಕೊಳ್ಳುವ ಮುನ್ನ ನಾನು ಕೇಳಿಕೊಂಡ ಪ್ರಶ್ನೆಯೇ ತಪ್ಪಾಗಿತ್ತು. ಅವರ ಬಳಿ ಇದ್ದು ನನ್ನ ಬಳಿ ಇಲ್ಲದ್ದು ಏನು ಎಂದು ನಾನು ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಒಂದೇ ಒಂದು ಸಾಲಿತ್ತು, ಅದು ಯಂತ್ರ. ನನ್ನ ಬಳಿ ಇದ್ದು ಅವರ ಬಳಿ ಇಲ್ಲದ್ದು ಏನು ಎಂಬ ಪಟ್ಟಿಯನ್ನು ನಾನು ಬರೆಯಲೇ ಇಲ್ಲ. ಲೆಕ್ಕವನ್ನೂ ಅದೇ ಕಣ್ಣಿನಿಂದ ಹಾಕಿದೆ. ಯಂತ್ರ ಗಂಟೆಗೆ 6 ಸಾವಿರ ಹಾಳೆ ಓಡುತ್ತದೆ, ದಿನಕ್ಕೆ ಎಂಟು ಗಂಟೆ ಓಡಿಸಿದರೆ 48 ಸಾವಿರ, ಹಾಳೆಗೆ ಬೀಳುವ ಖರ್ಚು ಪೈಸೆಗಳಲ್ಲಿ ಎಂದು ಹಾಳೆಯ ತುಂಬ ಬರೆದು ಬ್ಯಾಂಕಿನವರಿಗೂ ತೋರಿಸಿದೆ. ಆದರೆ ನಮ್ಮ ಊರಿನ ಒಂದು ಮದುವೆಗೆ ಬೇಕಾಗುವುದು 500 ಕಾರ್ಡು. ಒಂದು ಹಾಳೆಯಲ್ಲಿ ನಾಲ್ಕು ಕಾರ್ಡು ಕೂರಿಸಿದರೆ 125 ಹಾಳೆ. ಆ 125 ಹಾಳೆ ಓಡಲು ಯಂತ್ರಕ್ಕೆ ಎರಡು ನಿಮಿಷವೂ ಬೇಡ. ಆದರೆ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟು ಏರಿಸಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ ಹೊಂದಿಸಲು ಒಂದು ಗಂಟೆಗೂ ಹೆಚ್ಚು ಸಮಯ, 150ರಷ್ಟು ಹಾಳೆ ಹಾಳು. ಪ್ಲೇಟುಗಳು ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಒಳ್ಳೆಯ ಹಾಳೆಗಿಂತ ಹಾಳಾದ ಹಾಳೆಯೇ ಹೆಚ್ಚಾಗುವ ಕೆಲಸಕ್ಕೆ ಗಂಟೆಗೆ 6 ಸಾವಿರದ ವೇಗ ಏನು ಮಾಡೀತು? ಇಡೀ ತಾಲ್ಲೂಕಿನ ಬಣ್ಣದ ಕೆಲಸವೆಲ್ಲ ಸೇರಿದರೂ ಒಂದು ಯಂತ್ರಕ್ಕೆ ವಾರದಲ್ಲಿ ಎರಡು ದಿನದ ಮೇವು. ಈಗ ಅದೇ ಬೀದಿಯಲ್ಲಿ ಎರಡು ಯಂತ್ರಗಳಿದ್ದವು.

ಮುಂದಿನದನ್ನು ಊಹಿಸಬಲ್ಲಿರಿ. ಅವರು ದರ ಇಳಿಸಿದರು, ನಾನು ಇಳಿಸಿದೆ, ಅವರು ಮತ್ತೆ ಇಳಿಸಿದರು.

ಹಲವು ವರ್ಷಗಳ ನಂತರ, ಸಾಲವೆಲ್ಲ ತೀರಿದ ಮೇಲೆ, ಮೈಕೇಲ್ ಪೋರ್ಟರ್ 1996ರಲ್ಲಿ ಬರೆದ ಪ್ರಬಂಧವೊಂದನ್ನು ಓದಿದೆ. ಎಲ್ಲರೂ ಮಾಡುವುದನ್ನೇ ಇನ್ನಷ್ಟು ಚೆನ್ನಾಗಿ, ಇನ್ನಷ್ಟು ವೇಗವಾಗಿ ಮಾಡುವುದು ಬೇರೆ, ವ್ಯಾಪಾರದ ತಂತ್ರ (ಸ್ಟ್ರಾಟೆಜಿ) ಎಂಬುದು ಬೇರೆ ಎಂಬುದು ಅವರ ವಾದ. ಏನನ್ನು ಮಾಡಬಾರದೆಂದು ಆರಿಸಿಕೊಳ್ಳುವುದರಲ್ಲೇ ತಂತ್ರದ ತಿರುಳಿದೆ ಎನ್ನುತ್ತಾರೆ. ಇದಕ್ಕೆ ಅವರು ಕೊಟ್ಟಿರುವ ಒಂದು ಉದಾಹರಣೆಯನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಅಂಗಡಿಯ ಹೊರಗೆ ನಿಂತೆ, ಏಕೆಂದರೆ ಅದು ಅಮೆರಿಕದ ಮುದ್ರಣೋದ್ಯಮದ ಉದಾಹರಣೆ. ಅಲ್ಲಿನ ದೊಡ್ಡ ಮುದ್ರಕರೆಲ್ಲ ಎಲ್ಲ ಬಗೆಯ ಗಿರಾಕಿಗಳಿಗೂ ಕೈಚಾಚಿದರು, ಎಲ್ಲರೂ ಒಂದೇ ಬಗೆಯ ಹೊಸ ಯಂತ್ರಗಳಿಗೆ ಹಣ ಸುರಿದರು, ಯಂತ್ರಗಳನ್ನು ಇನ್ನಷ್ಟು ವೇಗವಾಗಿ ಓಡಿಸಿದರು, ಕೆಲಸದವರನ್ನು ಕಡಿಮೆ ಮಾಡಿದರು. ಅದರಿಂದ ಬಂದ ಲಾಭವೆಲ್ಲ ಗಿರಾಕಿಗಳಿಗೂ ಯಂತ್ರ ಮಾರುವವರಿಗೂ ಹೋಯಿತು, ಮುದ್ರಕರ ಕೈಯಲ್ಲಿ ಉಳಿಯಲಿಲ್ಲ. ಆ ಉದ್ಯಮದ ಮುಂಚೂಣಿಯಲ್ಲಿದ್ದ ಆರ್.ಆರ್. ಡಾನೆಲಿ ಕಂಪನಿಯ ಲಾಭದ ಪ್ರಮಾಣ 1980ರ ದಶಕದಲ್ಲಿ ಸತತವಾಗಿ ಶೇ 7ಕ್ಕಿಂತ ಮೇಲಿದ್ದದ್ದು 1995ರಲ್ಲಿ ಶೇ 4.6ಕ್ಕಿಂತ ಕೆಳಗೆ ಇಳಿದಿತ್ತು. ನಾನು ಯಂತ್ರ ಕೊಳ್ಳುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ನನ್ನ ಬೀದಿಯ ಕಥೆಯನ್ನು ಯಾರೋ ಬರೆದಿಟ್ಟಿದ್ದರು.

ಆದರೆ ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ದರದ ಪೈಪೋಟಿಯಲ್ಲ, ಆ ಪೈಪೋಟಿಗಾಗಿ ನಾನು ಕೈಬಿಟ್ಟದ್ದು. ತಂದೆಯ ಕಾಲದಿಂದಲೂ ನಮ್ಮಲ್ಲಿ ಒಬ್ಬ ಕಂಪೋಸಿಟರ್ ಇದ್ದರು. ಅವರನ್ನು ನಾವೆಲ್ಲ ಮೇಷ್ಟ್ರೇ ಎಂದು ಕರೆಯುತ್ತಿದ್ದೆವು. ಮೊಳೆ ಜೋಡಿಸುವ ಕೆಲಸ ಹೋದ ಮೇಲೆ ಅವರು ಕರಡು ತಿದ್ದುತ್ತ, ಒಕ್ಕಣೆ ಬರೆದುಕೊಡುತ್ತ ಉಳಿದಿದ್ದರು. ಲಗ್ನಪತ್ರಿಕೆಯ ಕರಡನ್ನು ಅವರು ಹುಡುಗರ ಕೈಗೆ ಕೊಡುತ್ತಿರಲಿಲ್ಲ. ಮನೆಯ ಹಿರಿಯರೊಬ್ಬರು ಬರಬೇಕು, ಎದುರಿಗೆ ಕೂರಬೇಕು, ಮೇಷ್ಟ್ರು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಬೇಕು, ಆ ಹಿರಿಯರು ಹೂಂ ಎನ್ನಬೇಕು. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಮೇಲಿದೆಯೇ, ಸೋದರಮಾವ ಬಿಟ್ಟುಹೋದನೇ, ಮುಹೂರ್ತದ ಲಗ್ನ ಸರಿಯಿದೆಯೇ, ತೀರಿಕೊಂಡವರ ಹೆಸರಿನ ಹಿಂದೆ ‘ದಿ||’ ಇದೆಯೇ ಎಂದೆಲ್ಲ ಅವರು ಕೇಳುತ್ತಿದ್ದರು. ಒಂದು ಪತ್ರಿಕೆಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಕಂತು ಕಟ್ಟಲು ಹಣ ಸಾಲದಾದಾಗ ಆ ಅರ್ಧ ಗಂಟೆ ನನಗೆ ದಂಡವಾಗಿ ಕಾಣಿಸಿತು. 2012ರಲ್ಲಿ ಅವರಿಗೆ ಅರ್ಧ ದಿನ ಮಾತ್ರ ಬನ್ನಿ ಎಂದೆ. ಅವರು ಒಂದು ವಾರ ಬಂದರು, ಆಮೇಲೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಮರುವರ್ಷ ಒಂದು ಮನೆತನದವರು ಮದುವೆಗೆ 600 ಕಾರ್ಡು ಹೇಳಿದರು. ಹಿಂದೆ ಅದೇ ಮನೆಯ ಇನ್ನೊಂದು ಮದುವೆಗೆ ನಾವೇ ಅಚ್ಚು ಮಾಡಿದ್ದೆವು. ಕಂಪ್ಯೂಟರಿನ ಮುಂದೆ ಕುಳಿತ ಹೊಸ ಹುಡುಗ ಹಳೆಯ ಫೈಲನ್ನು ತೆರೆದು ಹೆಸರುಗಳನ್ನು ಬದಲಿಸಿದ. ಹಿಂದಿನ ಪತ್ರಿಕೆಯಲ್ಲಿ ತಾಯಿಯ ಕಡೆಯ ತಾತನ ಹೆಸರಿದ್ದ ಜಾಗದಲ್ಲಿ ತಂದೆಯ ಕಡೆಯ ತಾತನ ಹೆಸರು ಬಂತು, ಹೆಸರಿನ ಹಿಂದಿದ್ದ ‘ದಿ||’ ಹಾಗೆಯೇ ಉಳಿಯಿತು. ರಾತ್ರಿ ಒಂಬತ್ತಕ್ಕೆ ಮದುಮಗನ ತಮ್ಮ ಬಂದು ಫೋಟೋ ಚೆನ್ನಾಗಿ ಬಂದಿದೆಯೇ ಎಂದು ಮಾತ್ರ ನೋಡಿ ಕರಡಿಗೆ ಸಹಿ ಹಾಕಿದ. ಬಣ್ಣ ಬಹಳ ಚೆನ್ನಾಗಿ ಕೂತಿತ್ತು. ಎರಡು ದಿನ ಕಳೆದು ಆ ತಾತನವರೇ ಮೊಮ್ಮಗನ ಜೊತೆ ನಮ್ಮ ಅಂಗಡಿಗೆ ಬಂದರು. ಕಾರ್ಡನ್ನು ಮೇಜಿನ ಮೇಲೆ ಇಟ್ಟು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು, “ಮೇಷ್ಟ್ರು ಇಲ್ಲವೇನಪ್ಪ?” ಎಂದು ಕೇಳಿದರು. ನಾನು ಸಹಿ ಇರುವ ಕರಡನ್ನು ತೆಗೆದು ತೋರಿಸಿದೆ. ತಪ್ಪು ನನ್ನದಲ್ಲ ಎಂದು ಕಾಗದ ಹೇಳುತ್ತಿತ್ತು. ಅವರು ಅದನ್ನು ನೋಡಲೂ ಇಲ್ಲ. ಆ 600 ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಕೊಟ್ಟೆ. ಆ ಮನೆತನದ ಕೆಲಸ ಮತ್ತೆಂದೂ ನಮಗೆ ಬರಲಿಲ್ಲ, ಅವರ ನೆಂಟರ ಕೆಲಸವೂ ಬರಲಿಲ್ಲ.

ಜನ ನಮ್ಮಲ್ಲಿಗೆ ಬರುತ್ತಿದ್ದದ್ದು ಕಾಗದಕ್ಕೂ ಅಲ್ಲ, ಬಣ್ಣಕ್ಕೂ ಅಲ್ಲ. ಮದುವೆ ಮನೆಯಲ್ಲಿ ಹೆಸರಿನ ವಿಷಯಕ್ಕೆ ಯಾರೂ ಮುಖ ತಿರುಗಿಸಿಕೊಂಡು ಹೋಗದಂತೆ ನೋಡಿಕೊಳ್ಳುವುದಕ್ಕೆ ಎಂಬುದು ನನಗೆ ಅಂದು ಅರಿವಾಯಿತು. ಕ್ರಿಸ್ಟೆನ್ಸನ್ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ: ಗಿರಾಕಿ ವಸ್ತುವನ್ನು ಕೊಳ್ಳುವುದಿಲ್ಲ, ತನ್ನ ಬದುಕಿನ ಒಂದು ಕೆಲಸ ಮಾಡಿಕೊಡಲು ಅದನ್ನು ಗೊತ್ತುಮಾಡಿಕೊಳ್ಳುತ್ತಾನೆ. ಮಿಲ್ಕ್‌ಷೇಕ್ ಮಾರಾಟ ಹೆಚ್ಚಿಸಲು ಹೊರಟ ಅಂಗಡಿಯವರಿಗೆ, ಅದನ್ನು ಬೆಳಿಗ್ಗೆ ಕೊಳ್ಳುವವರಲ್ಲಿ ಬಹುತೇಕರು ಒಬ್ಬರೇ ಕಾರಿನಲ್ಲಿ ದೂರದ ಕೆಲಸಕ್ಕೆ ಹೋಗುವವರು, ದಾರಿ ಬೇಸರವಾಗದಿರಲಿ, ಹೊಟ್ಟೆಗೂ ಆಗಲಿ ಎಂದು ಕೊಳ್ಳುತ್ತಾರೆಂದು ತಿಳಿದುಬಂದದ್ದು ಅವರು ಹೇಳುತ್ತಿದ್ದ ಪ್ರಸಂಗ. ಅದನ್ನು ತಿಳಿಯುವ ಮೊದಲು ಮಿಲ್ಕ್‌ಷೇಕನ್ನೇ ಸುಧಾರಿಸಿ ನೋಡಿದಾಗ ಮಾರಾಟ ಹೆಚ್ಚಿರಲಿಲ್ಲ. ನಿಮ್ಮ ಬೇಕರಿಗೆ ಸಂಜೆ ನಾಲ್ಕಕ್ಕೆ ಬರುವವರು ಯಾವ ಕೆಲಸಕ್ಕಾಗಿ ಬರುತ್ತಾರೆಂದು ನಿಮಗೆ ಗೊತ್ತಿದೆಯೇ?

ಇನ್ನೊಂದು ಸಂಗತಿ ನನ್ನ ಕಣ್ಣೆದುರಿಗೇ ಇತ್ತು. ಆ ವರ್ಷಗಳಲ್ಲಿ ಆಗಾಗ ಜನ ಬಂದು, “ಒಕ್ಕಣೆ ಮಾತ್ರ ಬರೆದುಕೊಡಿ, ಅಚ್ಚು ಎದುರಿಗೇ ಮಾಡಿಸುತ್ತೇವೆ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಬೈದು ಕಳಿಸುತ್ತಿದ್ದೆ. ಪೀಟರ್ ಡ್ರಕರ್ 1985ರಲ್ಲಿ ಹೊಸತನದ ಮೂಲಗಳನ್ನು ಏಳೆಂದು ಎಣಿಸುವಾಗ ಮೊದಲು ಇಟ್ಟದ್ದು ಅನಿರೀಕ್ಷಿತವಾಗಿ ಒದಗಿದ ಗೆಲುವನ್ನು. ನ್ಯೂಯಾರ್ಕಿನ ಮೇಸಿಸ್ ಎಂಬ ದೊಡ್ಡ ಮಳಿಗೆಯಲ್ಲಿ ಮನೆಬಳಕೆಯ ವಿದ್ಯುತ್ ಉಪಕರಣಗಳು ಬಟ್ಟೆಗಿಂತ ವೇಗವಾಗಿ ಮಾರಾಟವಾಗತೊಡಗಿದಾಗ, ಆ ಮಾರಾಟವನ್ನು ತಡೆಯುವುದು ಹೇಗೆಂದು ಅದರ ಮುಖ್ಯಸ್ಥರು ಚಿಂತಿಸಿದ್ದನ್ನು ಅವರು ವಿವರಿಸುತ್ತಾರೆ. ಬಟ್ಟೆಯ ಅಂಗಡಿ ಹೀಗಿರಬಾರದು ಎಂಬುದು ಆ ಮುಖ್ಯಸ್ಥರ ಭಾವನೆಯಾಗಿತ್ತು. ನನ್ನದು ಅಚ್ಚಿನ ಅಂಗಡಿ, ಒಕ್ಕಣೆ ಮಾರುವ ಅಂಗಡಿಯಲ್ಲ ಎಂದು ನಾನೂ ಅಂದುಕೊಂಡಿದ್ದೆ.

2014ರಲ್ಲಿ ಯಂತ್ರವನ್ನು 14 ಲಕ್ಷಕ್ಕೆ ಮಾರಿದೆ. ಉಳಿದ ಸಾಲಕ್ಕೆ ತಂದೆ ನನ್ನ ಹೆಸರಿನಲ್ಲಿ ಕೊಂಡಿಟ್ಟಿದ್ದ ನಿವೇಶನ ಹೋಯಿತು. ಆಮೇಲೆ ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ವಾರಕ್ಕೆ ಮೂರು ದಿನ ಬರಲು ಒಪ್ಪಿದರು. ಈಗ ನಮ್ಮಲ್ಲಿ ಕರಡು ನೋಡುವ ಹೆಣ್ಣುಮಗಳನ್ನು ಪಳಗಿಸಿದವರು ಅವರೇ. ಬಣ್ಣದ ಕೆಲಸವನ್ನು ನಾನು ಎದುರಿನ ಪ್ರೆಸ್ಸಿಗೇ ಕೊಡುತ್ತೇನೆ, ಕರಡು ತಿದ್ದುವ ಕೆಲಸವನ್ನು ಅವರು ನಮ್ಮಲ್ಲಿಗೆ ಕಳಿಸುತ್ತಾರೆ. ಒಕ್ಕಣೆ, ವಂಶವೃಕ್ಷ, ಹಿರಿಯರ ಪುಣ್ಯತಿಥಿಗೆ ಹಂಚುವ ಸ್ಮರಣಿಕೆ, ದೇವಸ್ಥಾನಗಳ ಜೀರ್ಣೋದ್ಧಾರದ ಸಂಚಿಕೆ, ಇದು ಇಂದಿನ ನಮ್ಮ ಕಸುಬು.

ಅಷ್ಟು ವರ್ಷ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕುಳಿತಿದ್ದ ನಾನೂ ಎದುರಿನ ಪ್ರೆಸ್ಸಿನವರೂ ಮೂರನೆಯವರನ್ನು ನೋಡಿರಲಿಲ್ಲ. ಮೊಬೈಲ್ ಅಂಗಡಿಯ ಹುಡುಗರು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಆಮಂತ್ರಣವನ್ನು ಇನ್ನೂರು ಮುನ್ನೂರು ರೂಪಾಯಿಗೆ ಮಾಡಿಕೊಡತೊಡಗಿದರು. ಮೊದಲು ನಾಮಕರಣ, ಆಮೇಲೆ ಗೃಹಪ್ರವೇಶ. ಐವತ್ತು ನೂರು ಕಾರ್ಡಿನ ಆ ಕೆಲಸಗಳಲ್ಲಿ ಏನೂ ಉಳಿಯುತ್ತಿರಲಿಲ್ಲವಾದ್ದರಿಂದ ಹೋದರೆ ಹೋಗಲಿ ಎಂದೇ ಇದ್ದೆವು. ಕ್ರಿಸ್ಟೆನ್ಸನ್ ಹೇಳುವ ಅಮೆರಿಕದ ಉಕ್ಕಿನ ಕಥೆಯೂ ಹೀಗೆಯೇ ಇದೆ. ಗುಜರಿ ಕರಗಿಸುವ ಸಣ್ಣ ಕಾರ್ಖಾನೆಗಳು ಮೊದಲು ಕಾಂಕ್ರೀಟಿಗೆ ಹಾಕುವ ಸರಳನ್ನಷ್ಟೇ ಮಾಡುತ್ತಿದ್ದವು. ಲಾಭವಿಲ್ಲದ ಕೆಲಸ ತೊಲಗಿತೆಂದು ದೊಡ್ಡ ಕಾರ್ಖಾನೆಗಳು ನೆಮ್ಮದಿಪಟ್ಟವು. ಸಣ್ಣವರು ಒಂದೊಂದೇ ಮೆಟ್ಟಿಲು ಹತ್ತಿ ತೊಲೆಗಳಿಗೆ ಬಂದರು, 1989ರಲ್ಲಿ ನ್ಯೂಕೋರ್ ಕಂಪನಿ ಇಂಡಿಯಾನಾದಲ್ಲಿ ಉಕ್ಕಿನ ಹಾಳೆಯನ್ನೇ ತೆಗೆಯತೊಡಗಿತು. ನಮ್ಮಲ್ಲಿ 2020ರಲ್ಲಿ ಮದುವೆಗಳೂ ಮೊಬೈಲಿಗೆ ಹೋದವು. ಕಾರ್ಡಿನ ಸಂಖ್ಯೆ ಕುಸಿಯಿತು. ಆದರೆ ಮೊಬೈಲಿನ ಪತ್ರಿಕೆಗೂ ಒಕ್ಕಣೆ ಬೇಕು, ದೊಡ್ಡಪ್ಪನ ಹೆಸರು ಅಲ್ಲಿಯೂ ಮೇಲೆಯೇ ಇರಬೇಕು. ಆ ಹುಡುಗರಲ್ಲಿ ಕೆಲವರು ಈಗ ನಮ್ಮ ಗಿರಾಕಿಗಳು.

ನಿಮ್ಮ ಪ್ರಶ್ನೆಯ ಕೊನೆಯ ಭಾಗವಾದ ವೈಯಕ್ತಿಕ ಬೆಳವಣಿಗೆಗೆ ನಾನು ಒಂದನ್ನೇ ಹೇಳುತ್ತೇನೆ, ಅದೂ ಡ್ರಕರ್ ಹೇಳಿದ್ದು. ಮುಖ್ಯವಾದ ನಿರ್ಧಾರ ಮಾಡಿದಾಗಲೆಲ್ಲ ಅದರಿಂದ ಏನಾಗುತ್ತದೆಂದು ನಿರೀಕ್ಷಿಸುತ್ತೀರೋ ಅದನ್ನು ಬರೆದಿಡಿ, ಒಂಬತ್ತರಿಂದ ಹನ್ನೆರಡು ತಿಂಗಳ ನಂತರ ಆದದ್ದರ ಜೊತೆ ಹೋಲಿಸಿ ನೋಡಿ. ನಾನು 2015ರಿಂದ ಬಿಲ್ ಪುಸ್ತಕದ ಅಳತೆಯ ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯುತ್ತಿದ್ದೇನೆ. ಮೂರು ವರ್ಷದ ಬರಹವನ್ನು ಒಟ್ಟಿಗೆ ಓದಿದಾಗ, ಯಾರದೋ ಅಂಗಡಿ ನೋಡಿಕೊಂಡು ಬಂದ ಒಂದು ವಾರದೊಳಗೆ ನಾನು ಮಾಡಿದ ನಿರ್ಧಾರಗಳಲ್ಲಿ ಒಂದೂ ಫಲಿಸಿರಲಿಲ್ಲ. ನನ್ನ ಬಗ್ಗೆ ಇದನ್ನು ಬೇರೆ ಯಾರೂ ನನಗೆ ಹೇಳಲಾರದವರಾಗಿದ್ದರು.

ಆದ್ದರಿಂದ ಯಾರನ್ನು ಮೊದಲು ಓದಬೇಕೆಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎದುರಿನವರನ್ನು ಹಿಂದಿಕ್ಕುವ ಉಪಾಯ ಈ ಮೂವರಲ್ಲಿ ಯಾರ ಬಳಿಯೂ ಇಲ್ಲ. ಅದನ್ನು ಹುಡುಕುತ್ತ ಓದಿದರೆ ಅವರು ಹೇಳಿದ್ದು ಕಿವಿಗೇ ಬೀಳುವುದಿಲ್ಲ. ಓವನ್ನಿಗೆ ಕೊಟೇಶನ್ ತರಿಸಿದ್ದರೆ ಅದನ್ನು ಮೇಜಿನ ಒಳಗೆ ಇಡಿ. ನಾಳೆಯಿಂದ ಏಳು ದಿನ ಗಲ್ಲಾದ ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು, ಗಿರಾಕಿಗಳು ಕೇಳಿದ್ದಕ್ಕೆ ನೀವು “ಇಲ್ಲ” ಎಂದದ್ದನ್ನೆಲ್ಲ, ಯಾರು ಕೇಳಿದರು, ಯಾವ ಹೊತ್ತಿನಲ್ಲಿ ಕೇಳಿದರು ಎಂಬುದರ ಸಮೇತ ಬರೆಯಿರಿ. ನಿಮಗೆ ಸಿಟ್ಟು ತರಿಸಿದ ಕೇಳಿಕೆಗಳ ಪಕ್ಕದಲ್ಲಿ ಒಂದು ಗುರುತು ಹಾಕಿ. ಬ್ಯಾಂಕಿಗೆ ಹೋಗುವ ಮೊದಲು ಆ ಪಟ್ಟಿಯನ್ನು ಇಲ್ಲಿ ಹಾಕಿದರೆ ನಾನು ಖಂಡಿತ ಓದುತ್ತೇನೆ.