ಇಬ್ಬನಿ ಆರುವ ಮೊದಲು ಜೇಡ ಹುಡುಕಿ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹೊಲದ ಒಡ್ಡಿನ ತುಂಬ ದೊಡ್ಡ ಬಲೆಗಳಿದ್ದವು. ಈಗ ಬಿಳಿಜೋಳ ತೆನೆಗೆ ಬಂದಿದೆ, ಬಲೆ ಒಂದೂ ಇಲ್ಲ. ಚಳಿಗೆ ಜೇಡ ಸಾಯುತ್ತವೆಯೇ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರುವ ಮಕ್ಕಳಿಗೆ ತೋರಿಸಬೇಕು. ಗುರುತಿಸುವುದು ಹೇಗೆ?
– ಓದುಗರು, ಇಂಡಿ

ಉತ್ತರ: ನಮ್ಮ ಕಡೆಯ ಚಳಿ ಜೇಡವನ್ನು ಕೊಲ್ಲುವಷ್ಟಿಲ್ಲ. ನೀವು ಕಂಡದ್ದು ಬಲೆಯ ನಡುವೆ ಬಿಳಿ ನೂಲಿನಿಂದ ಗುಣಾಕಾರದ ಗುರುತು ಹಾಕಿ ಕೂರುವ ಸಹಿ ಜೇಡ ಇದ್ದೀತು. ಮೊಟ್ಟೆಚೀಲ ಕಟ್ಟಿದ ಮೇಲೆ ಅಂಥ ಹೆಣ್ಣುಗಳ ಆಯಸ್ಸು ಬಹುಮಟ್ಟಿಗೆ ಮುಗಿಯಿತು. ಈಗ ನೆಲ ನೋಡಿ.

ಬೆಳಗಿನ 7ರಿಂದ 8.30ರೊಳಗೆ, ಸೂರ್ಯನಿಗೆ ಎದುರಾಗಿ ನಿಂತು ಒಡ್ಡಿನ ಹುಲ್ಲು ನೋಡಿ. ಇಬ್ಬನಿ ಕೂತ ಬಲೆ ಒಗೆದು ಹಾಸಿದ ಕರವಸ್ತ್ರದಂತೆ ಬೆಳ್ಳಗೆ ಕಾಣುತ್ತದೆ. ಒಂದು ಅಂಚು ಲಾಳಿಕೆಯಂತೆ ಕಿರಿದಾಗಿ ಎರೆಮಣ್ಣಿನ ಬಿರುಕಿಗೆ ಇಳಿದಿರುತ್ತದೆ. ಅದು ಹಿಪ್ಪಾಸ, ತೋಳ ಜೇಡಗಳ ಕುಟುಂಬದ್ದು. ಎಡೆ ಹೊಡೆದ ಸಾಲಿನಲ್ಲಿ ಬಿರುಕು ಮುಚ್ಚಿರುತ್ತದೆ, ಅಲ್ಲಿ ಹುಡುಕಬೇಡಿ. ಹುಲ್ಲುಕಡ್ಡಿಯಿಂದ ಹಾಸನ್ನು ನಯವಾಗಿ ಅಲುಗಿಸಿದರೆ ಜೇಡ ಲಾಳಿಕೆಯ ಬಾಯಿಗೆ ಬರುತ್ತದೆ. ಬಾರದಿದ್ದರೆ ಬಲೆ ಖಾಲಿ ಎಂದು ತೀರ್ಮಾನಿಸಬೇಡಿ. ತಣ್ಣಗಿರುವ ಮೈ ಬೇಗ ಓಡದು. ಬಿಸಿಲು ತಾಗಿದ ಮೇಲೆ ಮತ್ತೆ ನೋಡಿ. ಇಬ್ಬನಿ ಬೀಳದ ದಿನ ನೀರನ್ನು ಸಣ್ಣ ಹನಿಯಾಗಿ ಸಿಂಪಡಿಸಿ. ಹಿಟ್ಟು ಮಾತ್ರ ಉದುರಿಸಬೇಡಿ, ಬಲೆ ಕೆಡುತ್ತದೆ.

ರಾತ್ರಿ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಏನೂ ಕಾಣದು. ಕಣ್ಣಿನ ಪಕ್ಕಕ್ಕೇ ಹಿಡಿಯಿರಿ: ತೋಳ ಜೇಡದ ಕಣ್ಣು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹೆಜ್ಜೆ ಇಟ್ಟಂತೆ ಮಿನುಗಿ ಬಣ್ಣ ಬದಲಿಸಿದರೆ ಅದು ಇಬ್ಬನಿಯ ಹನಿ. ಸ್ಥಿರವಾದ ಹಸಿರು ಚುಕ್ಕಿಯಾದರೆ ಜೇಡ.

ಗುರುತಿಸುವಾಗ ಬಣ್ಣ ನಂಬಬೇಡಿ. ಒಂದೇ ಜಾತಿಯಲ್ಲೂ ವಯಸ್ಸಿಗೆ, ಗಂಡು–ಹೆಣ್ಣಿಗೆ ಅದು ಬೇರೆಯಾಗುತ್ತದೆ. ಕಣ್ಣುಗಳ ಸಾಲು ಎಣಿಸಿ. ಕೆಳಗೆ ನಾಲ್ಕು ಸಣ್ಣವು, ಮೇಲೆ ಎರಡು ದೊಡ್ಡವು, ಅದರ ಹಿಂದೆ ಇನ್ನೆರಡು ಇದ್ದರೆ ತೋಳ ಜೇಡ. ಮುಖದ ನಡುವೆ ಎರಡು ಕಣ್ಣು ದೀಪದಂತೆ ದೊಡ್ಡದಿದ್ದರೆ ಜಿಗಿಯುವ ಜೇಡ. ಬೇವಿನ ಕಾಂಡಕ್ಕೆ ಚಪ್ಪಟೆಯಾಗಿ ಅಂಟಿ, ಹಿಂದೆ ಎರಡು ಉದ್ದ ಬಾಲ ಚಾಚಿದ್ದು ಹರ್ಸೀಲಿಯ. ಆ ಬಾಲಗಳು ನೂಲು ತೆಗೆಯುವ ಅಂಗಗಳು. ಗಾಜಿನ ಲೋಟ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಬೆನ್ನು, ಮುಖ, ಹೊಟ್ಟೆ ಮೂರರ ಫೋಟೊ ತೆಗೆದು ಅಲ್ಲೇ ಬಿಡಿ. ಎಷ್ಟೋ ಜಾತಿಗಳನ್ನು ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳಲಾಗದು. ಕುಟುಂಬದ ಹೆಸರಿಗೇ ನಿಲ್ಲುವುದು ಸರಿಯಾದ ಗುರುತೇ.

ಪ್ರಶ್ನೆ: ಬಚ್ಚಲ ಗೋಡೆಯ ಮೇಲೆ ಅಂಗೈ ಅಗಲದ ಕಂದು ಜೇಡವಿದೆ. ಮೈಮೇಲೆ ಹರಿದರೆ ಬೊಕ್ಕೆ ಏಳುತ್ತವಂತೆ, ನಿಜವೇ?
– ಓದುಗರು, ಜಮಖಂಡಿ

ಉತ್ತರ: ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿ, ಕಣ್ಣಿನ ಕೆಳಗೆ ಕೆನೆಬಣ್ಣದ ಪಟ್ಟಿ ಇದ್ದರೆ ಅದು ಹೆಟೆರೊಪೋಡ. ಜಿರಳೆ ತಿನ್ನುತ್ತದೆ, ಇರಲಿ ಬಿಡಿ. ಜೇಡ ಹರಿದರೆ ಬೊಕ್ಕೆ ಏಳುವುದಿಲ್ಲ. ದೀಪಕ್ಕೆ ಬರುವ ಪೆಡೆರಸ್ ಹುಳ ಮೈಮೇಲೆ ಜಜ್ಜಿದಾಗ ಹಾಗಾಗುತ್ತದೆ. ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು ಉರಿಯುತ್ತಿದ್ದರೆ ಸರ್ಪಸುತ್ತು ಇರಬಹುದು; ಅದಕ್ಕೆ ಔಷಧಿ 3 ದಿನದೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡಮಾಡದೆ ವೈದ್ಯರಿಗೆ ತೋರಿಸಿ.