ಧರ್ಮದ ಮಾತೆತ್ತಿದರೆ ಗೆಳೆತನ ಕೆಡುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಆಫೀಸಿನಲ್ಲಿ ಬೇರೆ ಧರ್ಮದ ಆಪ್ತ ಗೆಳತಿ ಇದ್ದಾರೆ. ದೇವರು, ಆಚಾರದ ಮಾತು ಬಂದಾಗಲೆಲ್ಲ ಇಬ್ಬರೂ ವಿಷಯ ಬದಲಾಯಿಸುತ್ತೀರಿ. ಮಾತಾಡಬೇಕಾ, ಸುಮ್ಮನಿರಬೇಕಾ?

ಮಾತಾಡಿ. ನಾನು ಮಾತಾಡಿ ಒಮ್ಮೆ ಕೆಡಿಸಿಕೊಂಡವಳು. ಆದರೂ ಮಾತಾಡಿ ಅಂತಲೇ ಹೇಳುತ್ತೇನೆ.

ನಾನು ಹಾಸನದವಳು, ಜೈನರ ಮನೆ. ಚನ್ನರಾಯಪಟ್ಟಣದ ಕಡೆ ಒಂದು ಶಾಲೆಯಲ್ಲಿ ಟೀಚರ್. ನನ್ನ ಜೊತೆ ಕೆಲಸ ಮಾಡುವ ಒಬ್ಬ ಮೇಡಂ ಮುಸ್ಲಿಮರು. ಹಾಸನದಿಂದ ಹೋಗಿಬರುವುದು ಒಂದೇ ಬಸ್ಸಿನಲ್ಲಿ. ನಾನು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ರಂಜಾನ್ ತಿಂಗಳಲ್ಲಿ ಅವರು ಸೂರ್ಯ ಮುಳುಗುವ ತನಕ ನೀರನ್ನೂ ಮುಟ್ಟುವುದಿಲ್ಲ. ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ಇದ್ದ ದಿನ ನಾನು ಬಸ್ಸಿನಲ್ಲೇ ಡಬ್ಬಿ ಬಿಚ್ಚಬೇಕು. ಉಪವಾಸ ಇರುವವರ ಪಕ್ಕ ಕೂತು ತಿನ್ನುವುದು ಹೇಗೆ ಅಂತ ಮೊದಲ ದಿನ ಡಬ್ಬಿಯನ್ನು ಬ್ಯಾಗಿನಲ್ಲೇ ಬಿಟ್ಟಿದ್ದೆ. ಅವರೇ ಗಮನಿಸಿದರು. 'ಹೊತ್ತು ಮುಳುಗ್ತಾ ಇದೆ, ತಿನ್ನಿ ಮೇಡಂ. ನನ್ನ ಉಪವಾಸ ನನ್ನದು' ಅಂದರು. ನಾನು ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತಿಗೆ ಅವರು ಖರ್ಜೂರ ಬಾಯಿಗಿಟ್ಟರು. ನಮ್ಮ ಮಾತು ಶುರುವಾಗಿದ್ದು ಅಲ್ಲಿಂದ. ರಾತ್ರಿ ಯಾಕೆ ತಿನ್ನಲ್ಲ, ಮಳೆಗಾಲದಲ್ಲಿ ಆಲೂಗಡ್ಡೆ ಯಾಕೆ ಬಿಡ್ತೀರಿ ಅಂತ ಅವರು ಕೇಳುತ್ತಿದ್ದರು. ಆಲೂಗಡ್ಡೆ ಬೆಳೆಯುವ ಹಾಸನದಲ್ಲಿ ಹುಟ್ಟಿ ಅದನ್ನೇ ಬಿಡುವುದು ಅವರಿಗೆ ತುಂಬಾ ದೊಡ್ಡ ತ್ಯಾಗವಾಗಿ ಕಂಡಿತ್ತು!

ಕೆಟ್ಟಿದ್ದು 2018ರ ಬಕ್ರೀದ್‌ನಲ್ಲಿ. ಹಬ್ಬ ಮುಗಿಸಿ ಬಂದ ದಿನ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ ಕೇಳಿಬಿಟ್ಟೆ: 'ಮನೇಲಿ ಮೇವು ಹಾಕಿ ಸಾಕಿ ಕೊಯ್ತೀರಲ್ಲ, ಕರುಣೆ ಬರಲ್ವಾ?' ಅವರು ಉತ್ತರ ಕೊಡಲಿಲ್ಲ. ಪುಸ್ತಕ ತಗೊಂಡು ಕ್ಲಾಸಿಗೆ ಹೋದರು. ಆಮೇಲೆ ಒಂದು ತಿಂಗಳು ಬಸ್ಸಿನಲ್ಲಿ ಬೇರೆ ಬೇರೆ ಸೀಟು.

ನಮ್ಮಲ್ಲಿ ಭಾದ್ರಪದದಲ್ಲಿ ಹತ್ತು ದಿನ ದಶಲಕ್ಷಣ ಪರ್ವ. ಅದು ಮುಗಿದ ಮೇಲೆ ಕ್ಷಮಾವಣಿ, ಪರಸ್ಪರ ಕ್ಷಮೆ ಕೇಳುವ ದಿನ. ಬಸದಿಯಲ್ಲಿ ಎಲ್ಲರಿಗೂ 'ಉತ್ತಮ ಕ್ಷಮಾ' ಹೇಳುತ್ತಾ ಹೋಗುವಾಗ ನನಗೆ ತಡೆಯಲಾಗಲಿಲ್ಲ. ಇಲ್ಲಿ ನಾನು ಕ್ಷಮೆ ಕೇಳುತ್ತಿದ್ದವರಲ್ಲಿ ಯಾರಿಗೂ ನಾನು ನೋವು ಮಾಡಿರಲಿಲ್ಲ. ಮರುದಿನ ಬಸ್ಸಿನಲ್ಲಿ ಅವರ ಪಕ್ಕ ಹೋಗಿ ಕೂತು ಕೇಳಿಕೊಂಡೆ. ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: 'ನಮ್ಮಲ್ಲೂ ಅಷ್ಟೇ ಮೇಡಂ. ಮನುಷ್ಯರಿಗೆ ಮಾಡಿದ ತಪ್ಪನ್ನ ಆ ಮನುಷ್ಯರ ಹತ್ರಾನೇ ಬಗೆಹರಿಸ್ಕೋಬೇಕು.' ಆಮೇಲೆ ಮೆಲ್ಲಗೆ, 'ನೀವು ಕೇಳಿದ್ದು ತಿಳ್ಕೊಳ್ಳೋಕಲ್ಲ, ಬೈಯೋಕೆ' ಅಂದರು. ನಿಜ. ನನಗೆ ಉತ್ತರ ಬೇಕಿರಲಿಲ್ಲ.

ಆವತ್ತು ಉತ್ತರ ಕೇಳಿಸಿಕೊಂಡೆ. ಕುರ್ಬಾನಿಯ, ಅಂದರೆ ಬಕ್ರೀದ್ ಬಲಿಯ, ಮಾಂಸ ಮೂರು ಪಾಲಾಗುತ್ತದೆ: ಮನೆಗೊಂದು, ನೆಂಟರು ಸ್ನೇಹಿತರಿಗೊಂದು, ಬಡವರಿಗೊಂದು. 'ಕರುಣೆ ಬರುತ್ತೆ. ನನ್ನ ಮಗ ಅಳ್ತಾನೆ. ಪ್ರೀತಿ ಇಲ್ಲದ್ದನ್ನ ಕೊಟ್ರೆ ಕೊಟ್ಟ ಹಾಗಾಗುತ್ತಾ?' ಅಂದರು. ನನಗೆ ಈಗಲೂ ಒಪ್ಪಲು ಆಗಿಲ್ಲ. ಪ್ರಾಣ ತೆಗೆಯುವುದು ತಪ್ಪು ಅಂತಲೇ ನಂಬಿದ್ದೇನೆ, ಅವರಿಗೂ ಹೇಳಿದ್ದೇನೆ. ಆದರೆ ಆ ಮನೆಯಲ್ಲಿ ಕರುಣೆ ಇಲ್ಲ ಅಂತ ಇನ್ನು ಯಾವತ್ತೂ ಹೇಳಲಾರೆ.

ಸ್ವಲ್ಪ ದಿನದ ಮೇಲೆ ಅವರು ಕೇಳಿದ್ದು ಸಲ್ಲೇಖನದ ಬಗ್ಗೆ, ಅಂದರೆ ಕೊನೆಗಾಲದಲ್ಲಿ ಅನ್ನ ನೀರು ಬಿಡುತ್ತಾ ಸಾವನ್ನು ಎದುರುಗೊಳ್ಳುವ ನಮ್ಮ ವ್ರತ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಅಂದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆ ಸುದ್ದಿ ಅವರಿಗೆ ನೆನಪಿತ್ತು. ನಮ್ಮಜ್ಜಿ ತೀರಿಕೊಂಡಿದ್ದು ಹಾಗೆಯೇ. ಪಕ್ಕದಲ್ಲಿ ಕೂತು ನಮ್ಮ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದವಳು ನಾನು. 'ಅಜ್ಜಿ ನೀರೂ ಬೇಡ ಅಂದಾಗ, ಕೊಟ್ಟುಬಿಡಬೇಕು ಅನ್ನಿಸಲಿಲ್ವಾ?' ಅಂತ ಕೇಳಿದರು. ಅನ್ನಿಸಿತ್ತು. ಮನೆಯಲ್ಲೂ ಯಾರಿಗೂ ಹೇಳದ ಮಾತು ಅದು. ನಮ್ಮವರು ಯಾರೂ ಕೇಳಿರಲೂ ಇಲ್ಲ. ಹೊರಗಿನವರಾದ್ದರಿಂದಲೇ ಅವರಿಗೆ ಕೇಳಬೇಕು ಅನ್ನಿಸಿತೇನೋ. ಅಜ್ಜಿಯ ನಿರ್ಧಾರದ ಮೇಲೆ ನನಗೆ ಗೌರವ ಕಮ್ಮಿಯಾಗಲಿಲ್ಲ. ಆದರೆ ಆವತ್ತು ಬಸ್ಸಿನಲ್ಲಿ ಅಜ್ಜಿಗಾಗಿ ಮೊದಲ ಸಲ ಜೋರಾಗಿ ಅತ್ತೆ.

'ಎಲ್ಲಾ ಧರ್ಮವೂ ಒಂದೇ' ಅಂದುಬಿಟ್ಟರೆ ಆಯಿತಲ್ಲ ಅಂತ ನಿಮಗೆ ಅನೇಕರು ಹೇಳಬಹುದು. ಬೇಲೂರು ದೇವಸ್ಥಾನದ ಶ್ಲೋಕ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶೈವರು ಶಿವ ಅನ್ನುವ, ಜೈನರು ಅರ್ಹಂತ ಅನ್ನುವ ಆ ಒಬ್ಬ ಕೇಶವ ಕಾಪಾಡಲಿ ಅನ್ನುತ್ತದೆ ಅದು. ಒಳ್ಳೆಯ ಮನಸ್ಸಿನ ಮಾತು. ಆದರೆ ಜಗತ್ತನ್ನು ಸೃಷ್ಟಿಸಿದ ದೇವರು ಅನ್ನುವುದೇ ನಮ್ಮ ಧರ್ಮದಲ್ಲಿಲ್ಲ. ಆ ಮೇಡಂಗೆ ಅವನೇ ಎಲ್ಲ. ಇದು ಒಂದೇ ಅಂದರೆ ಇಬ್ಬರ ನಂಬಿಕೆಗೂ ಮೋಸ, ಅಲ್ವಾ?

ನನಗೆ ಹೆಚ್ಚು ಹತ್ತಿರವಾಗಿದ್ದು ಶ್ರವಣಬೆಳಗೊಳದ 1368ರ, ವಿಜಯನಗರದ ರಾಜ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದು, ಜೈನರು ರಾಜನ ಹತ್ತಿರ ದೂರು ಒಯ್ದಿದ್ದರು. ದರ್ಶನಗಳಲ್ಲಿ ಭೇದವಿಲ್ಲ ಅನ್ನುವ ಮಾತು ಅದರಲ್ಲೂ ಇದೆ. ಆದರೆ ರಾಜ ಅಲ್ಲಿಗೇ ನಿಲ್ಲಿಸಲಿಲ್ಲ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ, ಕಲಶದ ಗೌರವ ಜೈನರಿಗೆ ಮೊದಲಿನಂತೆ ಸಲ್ಲಬೇಕು ಅಂದ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ (ಆಗಿನ ನಾಣ್ಯ) ಎತ್ತಿ, ತಿರುಮಲೆಯ ತಾತಯ್ಯ ಎಂಬ ವೈಷ್ಣವರು ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು. ಉಳಿದ ದುಡ್ಡಿನಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಕಾಯುವ ಕೆಲಸವನ್ನು ಜಗಳವಾಡಿದ ಕಡೆಯವರ ಕೈಗೇ ಕೊಟ್ಟ ಅನ್ನುವುದು ನನಗೆ ಎಷ್ಟು ಸಲ ಓದಿದರೂ ಮುಗಿಯುವುದಿಲ್ಲ. ಈಗ ನಾನು ಡಬ್ಬಿ ಮರೆತ ದಿನ ಕತ್ತಲಾಗುವ ಮೊದಲು ನೆನಪಿಸುವವರು ಆ ಮೇಡಂ. ರಂಜಾನ್‌ನಲ್ಲಿ ಅವರ ಕೊನೆಯ ಪೀರಿಯಡ್ ನಾನು ತಗೊಳ್ಳುತ್ತೇನೆ.

ನಿಮ್ಮ ಗೆಳತಿಯ ಹತ್ತಿರ ಮೊದಲು ಊಟ, ಹಬ್ಬ, ಅಜ್ಜಿ-ತಾತಂದಿರ ಬಗ್ಗೆ ಕೇಳಿ. ಇಬ್ಬರೇ ಇದ್ದಾಗ ಕೇಳಿ. ಉತ್ತರ ಬರುವ ತನಕ ಕಾಯುವ ವ್ಯವಧಾನ ಇಲ್ಲದ ದಿನ ಕೇಳಬೇಡಿ.

ಕಳೆದ ಚಳಿಗಾಲದಲ್ಲಿ ಆ ಮೇಡಂ ನಮ್ಮ ಜೊತೆ ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟ ಹತ್ತಿದರು. ಆರು ನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ. ಗೊಮ್ಮಟನ ಎದುರು ಬಹಳ ಹೊತ್ತು ನಿಂತು ಕೇಳಿದರು: 'ಇವರು ಕೇಳಿದ್ದನ್ನ ಕೊಡ್ತಾರಾ?' ಕೊಡಲ್ಲ, ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವರು ಅಂದೆ. 'ಹಾಗಾದ್ರೆ ಯಾಕೆ ಕೈ ಮುಗೀತೀರಿ?' ಅವರಂತೆ ನಾವೂ ಆಗಬೇಕು ಅಂತ ಮುಗಿಯುವುದು ಅಂತ ಚಿಕ್ಕಂದಿನಿಂದ ಕಲಿತಿದ್ದೆ. ಹೇಳಲು ಬಾಯಿ ತೆರೆದೆ. ನನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ ಅಂತ ಆಗಷ್ಟೇ ಬೇಡಿಕೊಂಡಿದ್ದು ನೆನಪಾಯಿತು. ಎರಡನ್ನೂ ಅವರಿಗೆ ಹೇಳಿದೆ.